ಇಪ್ಪತ್ತೈದು ದೀಪಗಳ ಬಿಲ್ಲೆ



ದಸರಾ ರಜೆಗೆ ಮೈಸೂರಿಗೆ ಹೋಗಿ ಬಂದವರೆಲ್ಲ ಈ ಹಲಗೆಯಲ್ಲಿ ಅರಮನೆಯ ದೀಪಾಲಂಕಾರದ ಬಗ್ಗೆಯೇ ಬರೆಯುತ್ತಾರೆ. ನಾನೂ ನೋಡಿದೆ. ಅರಮನೆಗೆ ಸುಮಾರು 1 ಲಕ್ಷ ಬಲ್ಬುಗಳಿವೆ. ಎಲ್ಲ ಒಟ್ಟಿಗೆ ಹತ್ತಿದಾಗ ಜನ ‘ಹೋ’ ಎಂದು ಕೂಗುತ್ತಾರೆ. ಆದರೆ ನಾನು ಈ ಸಲ ಬರೆಯುತ್ತಿರುವುದು 1 ಲಕ್ಷ ದೀಪದ ಬಗ್ಗೆ ಅಲ್ಲ, ಬರೀ 25 ದೀಪದ ಬಗ್ಗೆ. ಅರಮನೆಯ ದೀಪ ನಮ್ಮ ಮಾತು ಕೇಳುವುದಿಲ್ಲ. ಈ 25 ದೀಪ ನಾವು ಹೇಳಿದ ಹಾಗೆ ಕೇಳುತ್ತವೆ. ಹೇಳುವುದು ಹೇಗೆ ಎಂಬುದೇ ಈ ಪಾಠ.

ನಮ್ಮ ಸೋದರತ್ತೆಯ ಮನೆ ಇರುವುದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ಲಷ್ಕರ್ ಎಂದರೆ ದಂಡು, ಸೈನ್ಯ ಎಂದು ಅರ್ಥ. ಅಶೋಕ ರಸ್ತೆಯಿಂದ ಒಳಗೆ ಒಂದು ಗಲ್ಲಿ. ಅಲ್ಲಿಂದ ತಲೆ ಎತ್ತಿದರೆ ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತವೆ. ಆ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಗೋಪುರಗಳ ಎತ್ತರ 175 ಅಡಿ. ಅದರ ಗಂಟೆ ಬಾರಿಸಿದರೆ ಗಲ್ಲಿಯವರಿಗೆಲ್ಲ ಕೇಳುತ್ತದೆ, ಅತ್ತೆಗೆ ಮಾತ್ರ ಕೇಳುವುದಿಲ್ಲ.

ಅತ್ತೆಗೆ ಮದುವೆಯಾದ ಮೇಲೆ ಒಂದು ಸಲ ಜೋರು ಜ್ವರ ಬಂದು ಕಿವಿ ಮಂದವಾಯಿತಂತೆ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ತೋರಿಸಿಕೊಂಡು ಒಂದು ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದಾರೆ. ಎದುರಿಗೆ ನಿಂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡಿದರೆ ಅವರಿಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಅವರು ಮಾತಾಡುವುದು ನಮಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಅವರು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಮಿಷನ್ ತುಳಿಯುವಾಗ ಹಿಂದಿನಿಂದ ಯಾರು ಕರೆದರೂ ತಿಳಿಯುವುದಿಲ್ಲ.

ನಾನು ಹೋದ ಎರಡನೇ ದಿನ ಒಬ್ಬ ಹೆಂಗಸು ರವಿಕೆ ಬಟ್ಟೆ ತಂದು ಬಾಗಿಲಲ್ಲಿ ನಿಂತು ನಾಲ್ಕು ಸಲ ಕೂಗಿದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದರು. ನಾನು ಒಳಗೆ ಊಟ ಮಾಡುತ್ತಿದ್ದೆ. ಕೈ ತೊಳೆದು ಓಡಿ ಬರುವಷ್ಟರಲ್ಲಿ ಆ ಹೆಂಗಸು, “ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲ, ಏನ್ ಜಂಭ ಈಯಮ್ಮಂಗೆ” ಎಂದು ಹೇಳಿ ಹೊರಟೇಬಿಟ್ಟರು. ಅತ್ತೆ ತಿರುಗಿದಾಗ ಅವರ ಬೆನ್ನು ಮಾತ್ರ ಕಂಡಿತು. “ಏನಂದ್ರು ಮಗಾ?” ಎಂದು ಅತ್ತೆ ನನ್ನನ್ನು ಕೇಳಿದರು. ನಾನು “ಏನೂ ಇಲ್ಲ” ಎಂದು ಕೈ ಆಡಿಸಿದೆ. ಸುಳ್ಳು ಹೇಳಿದೆ ಎಂದು ಅವರಿಗೆ ಗೊತ್ತಾಯಿತು ಅನ್ನಿಸುತ್ತೆ.

ಅತ್ತೆಯ ಮಗ, ನನಗೆ ಭಾವ ಆಗಬೇಕು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾರೆ. ಸಾಯಂಕಾಲ ಅವರಿಗೆ ಇದನ್ನು ಹೇಳಿದೆ. ಅವರು ಪೆಟ್ಟಿಗೆಯಿಂದ ಒಂದು ಚಿಕ್ಕ ಹಸಿರು ಹಾಳೆಯಂಥದ್ದು ತೆಗೆದು ನನ್ನ ಕೈಗೆ ಕೊಟ್ಟರು. “ಇದ್ರಲ್ಲಿ ಏನಾದ್ರೂ ಮಾಡೋಣ. ನೀನೇ ಮಾಡು, ನಾನು ಪಕ್ಕದಲ್ಲಿ ಕೂತ್ಕೋತೀನಿ” ಅಂದರು.

1. ಇದು ಏನು?

ಇದರ ಹೆಸರು ಮೈಕ್ರೋಬಿಟ್. ಸ್ಕೇಲು ಇಟ್ಟು ಅಳೆದೆ. ಉದ್ದ ಸುಮಾರು 5 ಸೆಂ.ಮೀ., ಅಗಲ ಸುಮಾರು 4 ಸೆಂ.ಮೀ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲ. ಮುಂದುಗಡೆ 25 ಪುಟ್ಟ ಕೆಂಪು ದೀಪಗಳು, 5 ಅಡ್ಡಸಾಲು, 5 ಕಂಬಸಾಲು. ಎಡಗಡೆ ಎ ಎಂಬ ಗುಂಡಿ, ಬಲಗಡೆ ಬಿ ಎಂಬ ಗುಂಡಿ. ಕೆಳಗೆ ಚಿನ್ನದ ಬಣ್ಣದ ಪಟ್ಟಿಗಳು. ಹಿಂದುಗಡೆ ಒಂದು ಕಪ್ಪು ಚೌಕ. ಅದೇ ಮೈಕ್ರೋಕಂಟ್ರೋಲರ್, ಅಂದರೆ ಇದರ ಮಿದುಳು.

ಮೈಕ್ರೋಕಂಟ್ರೋಲರ್ ಕೂಡ ಗಣಕಯಂತ್ರವೇ. ಆದರೆ ಒಂದೇ ಕೆಲಸ ಹಿಡಿದು ಮಾಡುವ ಚಿಕ್ಕ ಗಣಕಯಂತ್ರ. ಅದಕ್ಕೆ ಪರದೆ, ಕೀಲಿಮಣೆ ಏನೂ ಬೇಡ. ಬಟ್ಟೆ ಒಗೆಯುವ ಯಂತ್ರದೊಳಗೆ, ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ, ಹೊಸ ಕಾಲದ ಕರೆಂಟ್ ಮೀಟರಿನೊಳಗೆ ಇಂಥದ್ದು ಇರುತ್ತದೆ. ನಾವು ಬರೆದ ಕಾರ್ಯಕ್ರಮವನ್ನು ಒಂದು ಸಲ ಅದಕ್ಕೆ ತುಂಬಿದರೆ, ಕರೆಂಟು ತೆಗೆದರೂ ಮರೆಯುವುದಿಲ್ಲ. ಮತ್ತೆ ಶೆಲ್ ಹಾಕಿದ ತಕ್ಷಣ ಮೊದಲಿನಿಂದ ಶುರು ಮಾಡುತ್ತದೆ.

ಇದನ್ನು ಇಂಗ್ಲೆಂಡಿನ ಬಿಬಿಸಿಯವರು ಬೇರೆ ಬೇರೆ ಕಂಪನಿಗಳ ಜೊತೆ ಸೇರಿ ಮಾಡಿಸಿದರು. 2016ರಲ್ಲಿ ಆ ದೇಶದ ಏಳನೇ ವರ್ಷದ ಮಕ್ಕಳಿಗೆ ಸುಮಾರು 10 ಲಕ್ಷ ಮೈಕ್ರೋಬಿಟ್‌ಗಳನ್ನು ಪುಕ್ಕಟೆ ಹಂಚುವ ಯೋಜನೆ ಮಾಡಿದರು. ಅಲ್ಲಿ ಏಳನೇ ವರ್ಷ ಎಂದರೆ 11–12 ವಯಸ್ಸು. ಅಂದರೆ ನಮಗಿಂತ ಚಿಕ್ಕವರು! ಅವರಿಗೆ ಬಂದರೆ ನಮಗೂ ಬರುತ್ತದೆ. ಭಾವನ ಹತ್ತಿರ ಇರುವುದು 2020ರಲ್ಲಿ ಬಂದ ಎರಡನೇ ಮಾದರಿ. ಅದರಲ್ಲಿ ಸದ್ದು ಕೇಳುವ ಮೈಕೂ ಇದೆ, ಸದ್ದು ಮಾಡುವ ಸ್ಪೀಕರೂ ಇದೆ.

2. ಬೇಕಾದ ಸಾಮಾನು

ಮೈಕ್ರೋಬಿಟ್ ಒಂದು. ಇಂಟರ್‌ನೆಟ್ ಇರುವ ಗಣಕಯಂತ್ರ ಒಂದು. ಎರಡನ್ನೂ ಜೋಡಿಸುವ ಯುಎಸ್‌ಬಿ ವೈರು ಒಂದು. ಗೋಡೆಗಡಿಯಾರಕ್ಕೆ ಹಾಕುವುದಕ್ಕಿಂತ ಸಣ್ಣ ಶೆಲ್ ಎರಡು ಮತ್ತು ಅದರ ಡಬ್ಬಿ. ಒಂದು ಶೆಲ್ಲಿಗೆ 1.5 ವೋಲ್ಟ್, ಎರಡು ಸೇರಿ 3 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಇದೆಲ್ಲದರ ಜೊತೆಗೆ ಗಣಿತದ ಚೌಕುಳಿ ಪುಸ್ತಕ ಮತ್ತು ಪೆನ್ಸಿಲ್ ಬೇಕೇ ಬೇಕು. ಯಾಕೆ ಎಂದು ಮುಂದೆ ಹೇಳುತ್ತೇನೆ.

3. ಮೊದಲ ಕಾರ್ಯಕ್ರಮ

ಅ) ಗಣಕಯಂತ್ರದಲ್ಲಿ ಮೇಕ್‌ಕೋಡ್ ಎಂಬ ಜಾಲತಾಣ ತೆರೆದು ಹೊಸ ಪ್ರಾಜೆಕ್ಟ್ ಒತ್ತಬೇಕು. ಅಲ್ಲಿ ಬಣ್ಣಬಣ್ಣದ ತುಂಡುಗಳಿರುತ್ತವೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಒಂದಕ್ಕೊಂದು ಹಲ್ಲು ಕೂರುವ ಹಾಗೆ ಜೋಡಿಸಬೇಕು. ಕೂರದಿದ್ದರೆ ಅದು ಅಲ್ಲಿಗೆ ಸೇರಿದ್ದಲ್ಲ ಎಂದು ಅರ್ಥ.

ಆ) ತೆರೆದ ಕೂಡಲೇ ಎರಡು ಬ್ಲಾಕ್ ಕಾಣುತ್ತವೆ. ಒಂದು ‘ಆನ್ ಸ್ಟಾರ್ಟ್’. ಅಂದರೆ ಶುರುವಾದಾಗ ಒಂದೇ ಸಲ ಮಾಡು. ಇನ್ನೊಂದು ‘ಫಾರೆವರ್’. ಅಂದರೆ ನಿಲ್ಲಿಸದೆ ಮಾಡುತ್ತಲೇ ಇರು.

ಇ) ‘ಬೇಸಿಕ್’ ಎಂಬ ಪೆಟ್ಟಿಗೆಯಿಂದ ‘ಶೋ ಎಲ್‌ಇಡಿಸ್’ ಎಂಬ ಬ್ಲಾಕ್ ಎಳೆದು ಫಾರೆವರ್ ಒಳಗೆ ಇಡಬೇಕು. ಅದರಲ್ಲಿ 25 ಚೌಕ ಇರುತ್ತವೆ. ಯಾವ ಚೌಕ ಒತ್ತುತ್ತೇವೋ ಆ ದೀಪ ಹತ್ತುತ್ತದೆ.

ಈ) ಪರದೆಯ ಎಡಗಡೆ ಒಂದು ಚಿತ್ರದ ಮೈಕ್ರೋಬಿಟ್ ಇರುತ್ತದೆ. ನಾವು ಮಾಡಿದ್ದು ಮೊದಲು ಅದರಲ್ಲಿ ಕಾಣುತ್ತದೆ. ಹಾಗಾಗಿ ನಿಜವಾದ ಬಿಲ್ಲೆ ಇಲ್ಲದವರೂ ಕಲಿಯಬಹುದು.

ಉ) ಸರಿ ಇದೆ ಅನ್ನಿಸಿದ ಮೇಲೆ ಡೌನ್‌ಲೋಡ್ ಒತ್ತಬೇಕು. ಒಂದು ಫೈಲ್ ಇಳಿಯುತ್ತದೆ. ವೈರು ಜೋಡಿಸಿದರೆ ಮೈಕ್ರೋಬಿಟ್ ಪೆನ್‌ಡ್ರೈವ್ ತರಹ ಕಾಣಿಸುತ್ತದೆ. ಫೈಲನ್ನು ಅದರೊಳಗೆ ಹಾಕಬೇಕು. ಹಿಂದುಗಡೆ ಒಂದು ದೀಪ ಪಟಪಟ ಎಂದು ಮಿನುಗುತ್ತದೆ. ಅದು ನಿಂತ ಮೇಲೆ ನಮ್ಮ ಕಾರ್ಯಕ್ರಮ ಓಡುತ್ತದೆ.

ನಾನು ಹೀಗೆ ಒಂದು ಹೃದಯದ ಚಿತ್ರ ಮಾಡಿದೆ. ಅದು ಮಿಣಕ್ ಮಿಣಕ್ ಎನ್ನಬೇಕು ಎಂದು ನನ್ನ ಆಸೆ. ಆದರೆ ಸುಮ್ಮನೆ ಉರಿಯುತ್ತಲೇ ಇತ್ತು. “ಆರು ಅಂತ ನೀನು ಹೇಳಿದ್ದೀಯಾ?” ಎಂದು ಭಾವ ಕೇಳಿದರು. ನಾನು ಹೇಳಿರಲಿಲ್ಲ! ಹತ್ತು ಎಂದು ಹೇಳಿದರೆ ಹತ್ತುತ್ತದೆ, ಆರು ಎಂದು ಹೇಳುವವರೆಗೂ ಆರುವುದಿಲ್ಲ. ಕೆಳಗೆ ಇನ್ನೊಂದು ಖಾಲಿ ಚಿತ್ರ ಇಟ್ಟೆ. ಆಗ ಮಿನುಗಿತು.

ಎರಡನೇ ತಪ್ಪು: ಚಿತ್ರ 2 ಸೆಕೆಂಡು ನಿಲ್ಲಲಿ ಎಂದು ‘ಪಾಸ್’ ಬ್ಲಾಕಿನಲ್ಲಿ 2 ಎಂದು ಹಾಕಿದೆ. ಅದು ನಿಲ್ಲಲೇ ಇಲ್ಲ. ಇದು ಸೆಕೆಂಡಿನಲ್ಲಿ ಎಣಿಸುವುದಿಲ್ಲ, ಮಿಲಿಸೆಕೆಂಡಿನಲ್ಲಿ ಎಣಿಸುತ್ತದೆ. 1 ಸೆಕೆಂಡಿಗೆ 1000 ಮಿಲಿಸೆಕೆಂಡು. ಹಾಗಾಗಿ 2000 ಎಂದು ಹಾಕಬೇಕು.

ಒಂದು ಆಶ್ಚರ್ಯದ ಸಂಗತಿ. 25 ದೀಪವೂ ಒಟ್ಟಿಗೆ ಉರಿಯುತ್ತಿವೆ ಎಂದು ನಮಗೆ ಕಾಣುತ್ತದೆ. ನಿಜವಾಗಿ ಒಂದು ಸಾಲಾದ ಮೇಲೆ ಇನ್ನೊಂದು ಸಾಲು, ಬಹಳ ಬೇಗ ಬೇಗ ಹತ್ತಿ ಆರುತ್ತಿರುತ್ತವೆ. ನಮ್ಮ ಕಣ್ಣು ಅಷ್ಟು ಬೇಗ ಹಿಡಿಯಲಾರದು. ಊದುಬತ್ತಿಯನ್ನು ಕತ್ತಲಲ್ಲಿ ತಿರುಗಿಸಿದರೆ ಕೆಂಪು ಬಳೆಯ ಹಾಗೆ ಕಾಣುತ್ತದಲ್ಲ, ಹಾಗೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಕೆಲವು ಸಲ ಒಂದೆರಡು ಸಾಲು ಆರಿರುವುದು ಸಿಕ್ಕಿಬೀಳುತ್ತದೆ.

4. ಬಿಲ್ಲೆಗೆ ಕನ್ನಡ ಬರುವುದಿಲ್ಲ

‘ಶೋ ಸ್ಟ್ರಿಂಗ್’ ಎಂಬ ಇನ್ನೊಂದು ಬ್ಲಾಕ್ ಇದೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಅಕ್ಷರಗಳು ಬಲಗಡೆಯಿಂದ ಎಡಗಡೆಗೆ ಓಡುತ್ತವೆ. ನನಗೆ ಖುಷಿಯೋ ಖುಷಿ. ‘ನನಗೆ ಕಿವಿ ಕೇಳುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಓಡಿಸಿದೆ. ಮಾರನೇ ದಿನ ಅದನ್ನೇ ಕನ್ನಡದಲ್ಲಿ ಟೈಪು ಮಾಡಿದೆ. ಕನ್ನಡ ಬರಲಿಲ್ಲ. ಮೂರು ಸಲ ಮಾಡಿದೆ, ಬರಲಿಲ್ಲ. ಬಿಲ್ಲೆ ಕೆಟ್ಟುಹೋಯಿತೇನೋ ಎಂದು ಹೆದರಿದೆ.

ಭಾವ ವಿವರಿಸಿದ್ದು ಹೀಗೆ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ನಮ್ಮ ಹಾಜರಿ ಪುಸ್ತಕದಂತೆ ಒಂದು ನಂಬರು ಇರುತ್ತದೆ. ಇಂಗ್ಲಿಷಿನ ದೊಡ್ಡ ಎ ಅಕ್ಷರದ ನಂಬರು 65. ಜಗತ್ತಿನ ಭಾಷೆಗಳಿಗೆಲ್ಲ ಸೇರಿ ಯೂನಿಕೋಡ್ ಎಂಬ ಒಂದು ಪಟ್ಟಿ ಇದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆ ಕೊಟ್ಟಿದ್ದಾರೆ. ‘ಅ’ ನಂಬರು 3205. ‘ಕ’ ನಂಬರು 3221.

ನಂಬರು ಇದ್ದರೆ ಸಾಲದು. ಆ ನಂಬರಿಗೆ ಯಾವ ಯಾವ ದೀಪ ಹತ್ತಬೇಕು ಎಂಬ ಚಿತ್ರವೂ ಬೇಕು. ಈ ಬಿಲ್ಲೆಯೊಳಗೆ 32ರಿಂದ 126ರವರೆಗಿನ ನಂಬರುಗಳಿಗೆ ಮಾತ್ರ ಚಿತ್ರ ಬರೆದಿಟ್ಟಿದ್ದಾರೆ. ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚಿಹ್ನೆಗಳಿಗೆ. 3221ನೇ ಹುಡುಗನನ್ನು ಕರೆದರೆ ಆ ತರಗತಿಯಲ್ಲಿ ಆ ನಂಬರೇ ಇಲ್ಲ! ಗಣಕಯಂತ್ರದಲ್ಲೂ ಮೊದಲು ಹೀಗೇ ಇತ್ತಂತೆ. ಯಾರೋ ಕೂತು ಒಂದೊಂದೇ ಮಾಡಿದ ಮೇಲೆ ಕನ್ನಡ ಬಂತು. ‘ನುಡಿ’ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು. ಹಾಗೆಯೇ ಈ ಬಿಲ್ಲೆಗೂ ಯಾರಾದರೂ ಬರೆದುಕೊಡಬೇಕು.

“ಸಿಟಿ ಬಸ್ಸಿನ ಹಣೆ ಮೇಲೆ ಕನ್ನಡ ಓಡುತ್ತಲ್ಲ?” ಎಂದು ನಾನು ಕೇಳಿದೆ. “ಅದಕ್ಕೆ ಸಾಲು ಜಾಸ್ತಿ, ಚುಕ್ಕಿ ಜಾಸ್ತಿ ಕಣೋ. ನಮ್ಮತ್ರ ಇರೋದು ಐದೇ ಸಾಲು. ‘ಸ್ತ್ರೀ’ ಅಂತ ಐದು ಸಾಲಲ್ಲಿ ಬರಿ ನೋಡೋಣ” ಅಂದರು. ನೀವೂ ಪ್ರಯತ್ನಿಸಿ. ಆಗುವುದಿಲ್ಲ. ಒತ್ತಿಗೆ ಜಾಗ ಇಲ್ಲ, ದೀರ್ಘಕ್ಕೂ ಜಾಗ ಇಲ್ಲ.

5. ಅತ್ತೆ ಬೈದದ್ದು

ಕನ್ನಡ ಆಗದಿದ್ದರೆ ಇಂಗ್ಲಿಷೇ ಇರಲಿ ಎಂದು ಆ ಓಡುವ ಬರಹವನ್ನೇ ತುಂಬಿ, ಶೆಲ್ ಹಾಕಿ, ಪಿನ್ನು ಚುಚ್ಚಿ ಅತ್ತೆಯ ಸೆರಗಿಗೆ ಸಿಕ್ಕಿಸಿದೆ. ಅವರು ಮೊದಲು ನಕ್ಕರು. ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡು ಏನು ಬರೆದಿದೆ ಎಂದು ಮಗನನ್ನು ಕೇಳಿದರು. ಭಾವ ಹೇಳಿದರು. ಅತ್ತೆ ತಕ್ಷಣ ಬಿಚ್ಚಿ ಮೇಜಿನ ಮೇಲೆ ಇಟ್ಟರು.

“ನಂಗೆ ಕಿವಿ ಕೇಳಲ್ಲ ಅಂತ ಬೀದಿಗೆಲ್ಲ ಡಂಗುರ ಹೊಡಿಯೋಕೆ ಹೊರಟ್ಯಾ? ನಂಗೊಂದು ಹೆಸರಿಲ್ವಾ?” ಅಂದರು.

ನನಗೆ ಅಳು ಬಂತು. ಒಳ್ಳೆಯದು ಮಾಡಲು ಹೋಗಿದ್ದೆ. ಆದರೆ ನಿಮಗೆ ಏನು ಬೇಕು ಎಂದು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಇದು ನನ್ನ ಮೂರನೇ ತಪ್ಪು. ಮೊದಲೆರಡು ತಪ್ಪನ್ನು ಬಿಲ್ಲೆ ತೋರಿಸಿತು. ಇದನ್ನು ಬಿಲ್ಲೆ ತೋರಿಸುವುದಿಲ್ಲ.

6. ಐದು ಚುಕ್ಕಿ ಐದು ಸಾಲು

ಮಾರನೇ ದಿನ ನಾನು ಚೌಕುಳಿ ಪುಸ್ತಕದಲ್ಲಿ 5 ಮನೆ ಉದ್ದ, 5 ಮನೆ ಅಗಲ ಗೆರೆ ಹಾಕಿಕೊಂಡು ‘ಕ’ ಬರೆಯಲು ಒದ್ದಾಡುತ್ತಿದ್ದೆ. ಅತ್ತೆ ಕಾಫಿ ತಂದವರು ನಿಂತು ನೋಡಿದರು. ಕೋಪ ಇಳಿದಿತ್ತು.

“ಏನೋ ಇದು, ಐದು ಚುಕ್ಕಿ ಐದು ಸಾಲು ಇಟ್ಟಂಗಿದೆ?”

ನಾನು ಹೌದು ಎಂದು ತಲೆ ಆಡಿಸಿದೆ. ಅತ್ತೆ ಪೆನ್ಸಿಲ್ ಕಿತ್ತುಕೊಂಡರು. ಬಾಗಿಲ ಮುಂದೆ ದಿನಾ ಚುಕ್ಕಿ ರಂಗೋಲಿ ಹಾಕುವ ಕೈ ಅದು. ಯಾವ ಚುಕ್ಕಿ ಬಿಡಬೇಕು, ಯಾವುದು ಹಿಡಿಯಬೇಕು ಎಂದು ಅವರಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಎರಡು ಸಲ ಅಳಿಸಿ ಹೀಗೆ ಬರೆದರು. ಕರಿ ಚುಕ್ಕಿ ಎಂದರೆ ದೀಪ ಹತ್ತಿದೆ, ಬಿಳಿ ಎಂದರೆ ಆರಿದೆ.

○ ● ● ● ○
○ ○ ● ○ ○
● ● ● ● ●
○ ● ○ ● ○
○ ● ● ● ○

ಸ್ವಲ್ಪ ದೂರ ನಿಂತು ನೋಡಿ. ‘ಕ’ ಕಾಣುತ್ತದೆ. ಮೇಲೆ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ಸೊನ್ನೆ.

ಇಲ್ಲಿ ಒಂದು ಗಣಿತ ಇದೆ. ಒಂದು ಸಾಲಿನ ಐದು ದೀಪಗಳಿಗೆ ಎಡದಿಂದ 16, 8, 4, 2, 1 ಎಂದು ಬೆಲೆ ಕೊಡಿ. ಹತ್ತಿರುವ ದೀಪಗಳ ಬೆಲೆ ಮಾತ್ರ ಕೂಡಿಸಿ. ಮೊದಲ ಸಾಲು 8+4+2=14. ಎರಡನೆಯದು 4. ಮೂರನೆಯದು 16+8+4+2+1=31. ನಾಲ್ಕನೆಯದು 8+2=10. ಐದನೆಯದು ಮತ್ತೆ 14. ಹಾಗಾದರೆ ನಮ್ಮ ‘ಕ’ ಎಂದರೆ 14, 4, 31, 10, 14. ಇದಕ್ಕೆ ದ್ವಿಮಾನ ಪದ್ಧತಿ ಎನ್ನುತ್ತಾರೆ. ಗಣಕಯಂತ್ರ ಅಕ್ಷರದ ಚಿತ್ರವನ್ನು ಹೀಗೆ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಫೋನಿನಲ್ಲಿ ಯಾರಿಗಾದರೂ ಐದು ಸಂಖ್ಯೆ ಹೇಳಿದರೆ ಸಾಕು, ಅವರು ಆ ಕಡೆ ಅಕ್ಷರ ಬರೆದುಕೊಳ್ಳಬಹುದು.

ಇನ್ನೊಂದು ಲೆಕ್ಕ. ಒಂದು ದೀಪಕ್ಕೆ ಹತ್ತು, ಆರು ಎಂದು ಎರಡೇ ಸ್ಥಿತಿ. ಎರಡು ದೀಪಕ್ಕೆ 4, ಮೂರಕ್ಕೆ 8. ಹೀಗೆ ದ್ವಿಗುಣ ಮಾಡುತ್ತಾ 25 ದೀಪಕ್ಕೆ ಬಂದರೆ 3,35,54,432 ಬೇರೆ ಬೇರೆ ಚಿತ್ರಗಳಾಗುತ್ತವೆ. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ನಂಬಿಕೆ ಇಲ್ಲದವರು ತಾವೇ ಮಾಡಿ ನೋಡಬಹುದು.

7. ಏನು ತೋರಿಸುವುದು?

ಈ ಸಲ ನಾನು ಸ್ಲೇಟಿನ ಮೇಲೆ ಬರೆದು ಅತ್ತೆಯನ್ನೇ ಕೇಳಿದೆ: ‘ಬಿಲ್ಲೆಯಲ್ಲಿ ಏನು ಬರಬೇಕು?’

ಅತ್ತೆ ಯೋಚಿಸಿ ಹೇಳಿದರು. ಯಾವಾಗಲೂ ಅವರ ಹೆಸರಿನ ಮೊದಲ ಅಕ್ಷರ ‘ಗ’ ಇರಬೇಕು. ಗಿರಾಕಿ ಹೇಳಿದ್ದು ತಿಳಿಯದಿದ್ದಾಗ ಮಾತ್ರ, ಅವರೇ ಗುಂಡಿ ಒತ್ತಿದಾಗ, ಬರೆದು ತೋರಿಸಿ ಎಂದು ಹೇಳಬೇಕು. ಬೇಡದಾಗ ಏನೂ ಹೇಳಬಾರದು.

‘ಗ’ ಹೀಗೆ ಬಂತು.

○ ○ ● ● ○
○ ○ ● ○ ○
○ ● ● ● ○
● ○ ○ ○ ●
● ○ ○ ○ ●

ಪಕ್ಕದ ಮನೆಯ ಅಜ್ಜಿ ‘ಕೊಡೆನಾ?’ ಎಂದು ಕೇಳಿದರು. ಮಿಕ್ಕವರು ಓದಿದರು.

‘ಬರೆದು ತೋರಿಸಿ’ ಎಂಬುದು ಕಷ್ಟವಾಯಿತು. ಒಂದೊಂದೇ ಅಕ್ಷರ ತೋರಿಸೋಣ ಎಂದರೆ ‘ರೆ’, ‘ದು’, ‘ತೋ’ ಐದು ಸಾಲಿನಲ್ಲಿ ಕೂರಲಿಲ್ಲ. ಕಿವಿಯ ಚಿತ್ರ ಮಾಡಿದೆ. ಗಲ್ಲಿಯ ಹುಡುಗರು “ಇಂಗ್ಲಿಷ್ ಮೂರಾ?” ಎಂದರು. ಪೆನ್ಸಿಲ್ ಚಿತ್ರ ಮಾಡಿದೆ. ಅದು ಬರೀ ಓರೆ ಗೆರೆಯಾಯಿತು. ಭಾವ ಮೈಕಿನ ಬ್ಲಾಕ್ ಹಾಕಿ ನೋಡಿದರು. ಯಾರಾದರೂ ಜೋರಾಗಿ ಕೂಗಿದರೆ ದೀಪವೆಲ್ಲ ಹತ್ತಲಿ, ಅತ್ತೆಗೆ ಗೊತ್ತಾಗಲಿ ಎಂದು. ಆದರೆ ಹೊಲಿಗೆ ಮಿಷನ್ ಸದ್ದಿಗೇ ಹತ್ತಿಕೊಂಡು ಆರಲೇ ಇಲ್ಲ. ಅದನ್ನೂ ತೆಗೆದುಹಾಕಿದೆವು.

ಆಗ ಅತ್ತೆಯೇ ದಾರಿ ಹೇಳಿದರು. “ಎಲ್ಲಾನೂ ಇದೇ ಹೇಳ್ಬೇಕು ಅಂತ ಯಾಕೋ? ಸ್ಲೇಟಿದೆಯಲ್ಲ. ಸ್ಲೇಟು ನೋಡಿ ಅಂತ ತೋರಿಸಿದ್ರೆ ಸಾಕು.”

ಹೌದಲ್ಲ! ಸ್ಲೇಟಿನ ಮೇಲ್ಭಾಗದಲ್ಲಿ ಬಿಳಿ ಬಣ್ಣದಿಂದ ‘ದಯವಿಟ್ಟು ಇಲ್ಲಿ ಬರೆದು ತೋರಿಸಿ’ ಎಂದು ಬರೆದೆವು. ದಾರ ಕಟ್ಟಿ ಬಳಪ ಇಟ್ಟೆವು. ಬಿಲ್ಲೆಯಲ್ಲಿ ಕೆಳಗೆ ತೋರಿಸುವ ಬಾಣ ಮಾತ್ರ. ಅದರ ಸಂಖ್ಯೆ 4, 4, 21, 14, 4. ಬರೆದುಕೊಂಡು ನೋಡಿ, ಬಾಣ ಬರುತ್ತದೆ. ಸ್ಲೇಟಿಗೆ ಮಿನುಗಲು ಬರುವುದಿಲ್ಲ, ಬಿಲ್ಲೆಗೆ ಕನ್ನಡ ಬರುವುದಿಲ್ಲ. ಎರಡೂ ಸೇರಿ ಕೆಲಸ ಆಯಿತು.

8. ಪೂರ್ತಿ ಕಾರ್ಯಕ್ರಮ

ಆನ್ ಸ್ಟಾರ್ಟ್: ‘ಗ’ ತೋರಿಸು.

ಎ ಗುಂಡಿ ಒತ್ತಿದಾಗ: 6 ಸಲ ಮಾಡು (ಬಾಣ ತೋರಿಸು, ಖಾಲಿ ತೋರಿಸು). ಮುಗಿದ ಮೇಲೆ ‘ಗ’ ತೋರಿಸು.

ಬಿ ಗುಂಡಿ ಒತ್ತಿದಾಗ: ಸರಿ ಗುರುತು ತೋರಿಸು. 2000 ಮಿಲಿಸೆಕೆಂಡು ನಿಲ್ಲು. ಆಮೇಲೆ ‘ಗ’ ತೋರಿಸು.

ಸರಿ ಗುರುತು ಎಂದರೆ ‘ತಿಳಿಯಿತು’ ಎಂದು ಅರ್ಥ. ಮೇಷ್ಟ್ರು ಲೆಕ್ಕಕ್ಕೆ ಹಾಕುವ ರೈಟ್ ಗುರುತೇ.

ಮೊದಲು ನಾನು ‘ಗ’ವನ್ನು ಫಾರೆವರ್ ಒಳಗೆ ಇಟ್ಟಿದ್ದೆ. ಎ ಒತ್ತಿದರೆ ಬಾಣವೂ ‘ಗ’ವೂ ಜಗಳ ಆಡಿ ಒಂದಾದ ಮೇಲೆ ಒಂದು ಬರುತ್ತಿದ್ದವು. ಯಾಕೆಂದರೆ ಫಾರೆವರ್ ನಿಲ್ಲಿಸದೆ ‘ಗ’ ತೋರಿಸು ಎಂದು ಹೇಳುತ್ತಲೇ ಇರುತ್ತದೆ. ಆನ್ ಸ್ಟಾರ್ಟ್‌ಗೆ ಬದಲಾಯಿಸಿದ ಮೇಲೆ ಸರಿಯಾಯಿತು.

9. ಎಚ್ಚರಿಕೆಗಳು

ಪಿನ್ನಿನಿಂದ ಸಿಕ್ಕಿಸಬೇಡಿ. ನಾನು ಸಿಕ್ಕಿಸಿದ ಪಿನ್ನು ಕೆಳಗಿನ ಚಿನ್ನದ ಪಟ್ಟಿಗಳಿಗೆ ತಗುಲಿ ಬಿಲ್ಲೆ ಒಂದು ಸಲ ಆರಿಹೋಗಿತ್ತು. ಲೋಹ ತಾಗಿದರೆ ಎರಡು ಪಟ್ಟಿ ಸೇರಿ ಶಾರ್ಟ್ ಆಗುತ್ತದೆ. ಅತ್ತೆ ಅದಕ್ಕೆ ನೀಲಿ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದರು. ಮುಂದೆ ದೀಪಕ್ಕೆ ಕಿಟಕಿ, ಹಿಂದೆ ಶೆಲ್ ಡಬ್ಬಿಗೆ ಜೇಬು, ಕೊರಳಿಗೆ ಲಾಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಶೆಲ್ ಬಿಚ್ಚುವಾಗ ವೈರು ಹಿಡಿದು ಎಳೆಯಬೇಡಿ, ಬಿಳಿ ತುದಿಯನ್ನು ಹಿಡಿದು ಎಳೆಯಿರಿ.

10. ಆಮೇಲೆ ಏನಾಯಿತು?

ಮಿಷನ್ನನ್ನು ಅರ್ಧ ತಿರುಗಿಸಿ ಇಟ್ಟೆವು. ಕಿಟಕಿಯ ಬೆಳಕೂ ಬೀಳುತ್ತದೆ, ಬಾಗಿಲಲ್ಲಿ ಯಾರು ಬಂದರೂ ಅತ್ತೆಗೆ ಕಾಣುತ್ತದೆ. ಇದಕ್ಕೆ ಬಿಲ್ಲೆಯೂ ಬೇಕಾಗಲಿಲ್ಲ, ಶೆಲ್ಲೂ ಬೇಕಾಗಲಿಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಮೊದಲ ದಿನ ಒಬ್ಬ ಹುಡುಗಿ ಸೀರೆಗೆ ಫಾಲ್ಸ್ ಹಚ್ಚಲು ಕೊಡಲು ಬಂದಳು. ಬಾಣ ಮಿನುಗಿದ್ದು ನೋಡಿ ನಕ್ಕು, ಸ್ಲೇಟು ತೆಗೆದುಕೊಂಡು ‘ಶುಕ್ರವಾರ ಬೇಕು’ ಎಂದು ಬರೆದಳು. ಅತ್ತೆ ಬಿ ಒತ್ತಿದರು. ಕನ್ನಡ ಬಾರದ ಒಬ್ಬರು ಉರ್ದುವಿನಲ್ಲಿ ಏನೋ ಹೇಳುತ್ತಾ ತೋಳಿನ ಮೇಲೆ ಗೆರೆ ಎಳೆದು ತೋರಿಸಿದರು. ಅದೂ ತಿಳಿಯಿತು. ಓದು ಬಾರದ ಒಬ್ಬ ಮುದುಕಿಗೆ ಸ್ಲೇಟು ಉಪಯೋಗವಾಗಲಿಲ್ಲ. ಅತ್ತೆ ಅವರನ್ನು ಎದುರಿಗೆ ಕೂರಿಸಿಕೊಂಡು ತುಟಿ ನೋಡಿಯೇ ಮಾತಾಡಿದರು. ಕೋಪ ಮಾಡಿಕೊಂಡು ಹೋದ ಹೆಂಗಸು ನಾನು ಇರುವವರೆಗೆ ಮತ್ತೆ ಬರಲಿಲ್ಲ.

ಬಸ್ಸು ಹತ್ತುವ ದಿನ ಅತ್ತೆ ನನ್ನ ಕೈ ಹಿಡಿದು, “ಆವತ್ತು ಆಯಮ್ಮ ಏನಂದ್ರು, ಈಗಾದ್ರೂ ಹೇಳು” ಅಂದರು. ನಾನು ಸ್ಲೇಟಿನಲ್ಲಿ ನಿಜ ಬರೆದೆ. ಅತ್ತೆ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊರಳಲ್ಲಿದ್ದ ಬಿಲ್ಲೆಯ ಬಿ ಗುಂಡಿ ಒತ್ತಿದರು. ಸರಿ ಗುರುತು ಹತ್ತಿ, ಎರಡು ಸೆಕೆಂಡು ಇದ್ದು, ಮತ್ತೆ ‘ಗ’ ಬಂತು.

11. ನಾವು ಇಲ್ಲಿ ಏನು ಮಾಡಬಹುದು?

ನಮ್ಮ ಶಾಲೆಯಲ್ಲಿ ಈ ಬಿಲ್ಲೆ ಇಲ್ಲ. ಆದರೆ ಚೌಕುಳಿ ಪುಸ್ತಕ ಎಲ್ಲರ ಹತ್ತಿರ ಇದೆ. ಒಂದು ಆಟ ಹೇಳುತ್ತೇನೆ. ಅಂಗಳದಲ್ಲಿ 25 ಚೌಕ ಎಳೆಯಿರಿ. ಅಡ್ಡಸಾಲು, ಕಂಬಸಾಲು ಎರಡಕ್ಕೂ ಮೇಲಿನ ಎಡ ಮೂಲೆಯಿಂದ 0, 1, 2, 3, 4 ಎಂದು ನಂಬರು ಹಾಕಿ. ಬಿಲ್ಲೆ ಎಣಿಸುವುದು 1ರಿಂದಲ್ಲ, 0ಯಿಂದ. ನಟ್ಟನಡುವಿನ ಚೌಕ 2, 2. ಒಬ್ಬರು ಮನಸ್ಸಿನಲ್ಲಿ ಒಂದು ಅಕ್ಷರ ಇಟ್ಟುಕೊಂಡು ನಂಬರು ಕೂಗಲಿ. ಇನ್ನೊಬ್ಬರು ಕೇಳಿದ ಚೌಕಕ್ಕೆ ಮಾತ್ರ ಕಲ್ಲು ಇಡಲಿ. ತಾನಾಗಿ ಊಹಿಸಿ ಇಡಬಾರದು. ಅಕ್ಷರ ಸರಿ ಬಂದರೆ ಹೇಳಿದವರು ಪಾಸು. ತಪ್ಪಾದರೆ ಕಲ್ಲು ಇಟ್ಟವರ ತಪ್ಪಲ್ಲ, ಹೇಳಿದವರದೇ.

ವರ್ಣಮಾಲೆಯ 49 ಅಕ್ಷರಗಳಲ್ಲಿ ಎಷ್ಟು ಅಕ್ಷರ ಐದು ಚುಕ್ಕಿ ಐದು ಸಾಲಿನಲ್ಲಿ ಕೂರುತ್ತವೆ ಎಂದು ನಾವೆಲ್ಲ ಸೇರಿ ನೋಡೋಣವೇ? ಒಬ್ಬೊಬ್ಬರು ಎರಡೆರಡು ಅಕ್ಷರ ಹಂಚಿಕೊಂಡರೆ ಒಂದು ವಾರದಲ್ಲಿ ಮುಗಿಯುತ್ತದೆ. ರಂಗೋಲಿ ಬರುವ ಅಮ್ಮ, ಅಜ್ಜಿಯರನ್ನೂ ಕೇಳಿ. ಚೆನ್ನಾಗಿ ಬಂದದ್ದನ್ನು ಈ ಹಲಗೆಗೆ ಅಂಟಿಸೋಣ. ನಾನು ಅದರ ಸಂಖ್ಯೆಗಳನ್ನು ಭಾವನಿಗೆ ಫೋನಿನಲ್ಲಿ ಹೇಳುತ್ತೇನೆ. ಅವರು ಬಿಲ್ಲೆಗೆ ತುಂಬುತ್ತಾರೆ.

ಕೊನೆಗೆ ಒಂದು ಒಗಟು: 14, 17, 21, 17, 14. ಇದು ಕನ್ನಡದ ಯಾವ ಅಕ್ಷರದ ಹಾಗೆ ಕಾಣುತ್ತದೆ? ತಲೆಕಟ್ಟಿಗೆ ಜಾಗ ಸಾಲಲಿಲ್ಲ, ಅದನ್ನು ನೀವೇ ಊಹಿಸಿಕೊಳ್ಳಿ. ಉತ್ತರ ಮುಂದಿನ ಸಂಚಿಕೆಯಲ್ಲಿ.

ಬರೆದಿರುವುದರಲ್ಲಿ ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಗೆಳೆಯ,
ಏಳನೇ ತರಗತಿ